ಹೆಡ್ ಕ್ಲರ್ಕ್ ಬಿಚ್ಚಿದ ಬನಿಯನ್
ದಾಖಲೆ ವಿಭಾಗದ ಹೆಡ್ ಕ್ಲರ್ಕ್ ಎದುರು ಬನಿಯನ್ ಇಲ್ಲದೆ ಷರಟು ತೊಟ್ಟು ನಿಲ್ಲುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಫ್ಯಾನು ಕೆಟ್ಟು ಗೋಡೆಗಳೇ ಬೆವರುವ ದಿನಗಳಲ್ಲೂ ಅವರ ಬಿಳಿ ಷರಟಿನೊಳಗೆ ತೋಳಿನ ಬನಿಯನ್ ಇದ್ದೇ ಇರುತ್ತಿತ್ತು. ಹೊಸಬರ ಹೆಸರು ಕೇಳುವ ಮೊದಲು ಬೆನ್ನು ನೋಡುತ್ತಿದ್ದರು. “ಸೆಕೆ ಸಾರ್,” ಎಂದರೆ, “ಬೆವರು ನಿಮ್ಮದು ಕಣ್ರೀ, ಅದನ್ನ ಬಂದೋರಿಗೆಲ್ಲ ಯಾಕೆ ತೋರಿಸ್ತೀರಿ?” ಎನ್ನುತ್ತಿದ್ದರು. ಮರೆಯಲ್ಲಿ ಎಲ್ಲರೂ ತಮ್ಮನ್ನು ‘ಬನಿಯನ್ ಸಾಹೇಬ’ ಎನ್ನುವುದು ಅವರ ಕಿವಿಗೂ ಬಿದ್ದಿತ್ತು, ನಕ್ಕು ಸುಮ್ಮನಾಗಿದ್ದರು. ಒಂದು ಮಧ್ಯಾಹ್ನ ಕಪಾಟಿನ ಗಾಜು ಒಡೆದು ಟೈಪಿಸ್ಟ್ ಹೆಂಗಸಿನ ಮುಂಗೈ ಸೀಳಿತು. ಉಳಿದವರು ಬಟ್ಟೆಗಾಗಿ ತಡಕಾಡುತ್ತಿರುವಾಗ ಹೆಡ್ ಕ್ಲರ್ಕ್ ಅಷ್ಟು ಜನರ ಎದುರಿಗೇ ಷರಟು ಕಳಚಿ ಕುರ್ಚಿಗೆ ಹಾಕಿ, ಬನಿಯನ್ ಬಿಚ್ಚಿ ಗಾಯಕ್ಕೆ ಬಿಗಿದರು. ಹೆಗಲಿನಿಂದ ಸೊಂಟದವರೆಗೆ ಅವರ ಬೆನ್ನಿನ ಚರ್ಮ ಎಂದೋ ಸುಟ್ಟು ಮುದುಡಿಹೋಗಿತ್ತು. ಕಣ್ಣುಗಳೆಲ್ಲ ತಮ್ಮ ಮೇಲೇ ನೆಟ್ಟಿರುವುದು ಅವರಿಗೆ ತಿಳಿಯುತ್ತಿತ್ತು. ಆದರೂ ಗಂಟು ಭದ್ರವಾಗುವವರೆಗೆ ಕೈ ಬಿಡಲಿಲ್ಲ. “ಮೊದಲು ಆಸ್ಪತ್ರೆಗೆ ನಡೀರಮ್ಮ,” ಎಂದರು. ಆಕೆ ಎದ್ದಳು, ಆದರೆ ಬಾಗಿಲಿಗೆ ಹೋಗಲಿಲ್ಲ. ಗಾಯವಾಗದ ಕೈಯಿಂದ ಕುರ್ಚಿಯ ಮೇಲಿದ್ದ ಷರಟನ್ನೆತ್ತಿ ಅವರ ಹೆಗಲಿಗೆ ಹೊದಿಸಿ, ಆಮೇಲೆ ಹೊರಟಳು.