ಆಂಟಿಯ ಬದನೆಕಾಯಿ ಐಕಾನ್

ಭಾನುವಾರ, ಜೂನ್ 12. ಬೆಳಿಗ್ಗೆ 9.10ಕ್ಕೆ ಶುರು.

ನಾನು ಮೆಹದಿಪಟ್ಟಣಂನ ಒಂದು ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಕೆಳಗಿನ ಆಂಟಿ, ಅಂಕಲ್ ಗುಲ್ಬರ್ಗ ಕಡೆಯವರು. ಪ್ರತಿ ಭಾನುವಾರ ಹನ್ನೊಂದಕ್ಕೆ ಪುಣೆಯಲ್ಲಿರುವ ಅವರ ಮಗಳು ಸ್ನಾನವಾದ ಕೂಸನ್ನು ಕ್ಯಾಮೆರಾ ಮುಂದೆ ಹಿಡಿಯುತ್ತಾಳೆ. ಇಲ್ಲಿ ಕಂಪ್ಯೂಟರಿನಲ್ಲಿ ವಿಡಿಯೊ ಚಾಟ್ ತೆರೆಯುವುದು ಅಂಕಲ್ ಕೆಲಸ. ಆ ದಿನ ಅವರು ಊರಿನ ಆ ತುದಿಯ ಉಪ್ಪಲ್‌ನಲ್ಲಿ ಒಂದು ಮದುವೆಗೆ ಹೋಗಬೇಕಿತ್ತು, ನನಗೆ ಭಾನುವಾರವಾದರೂ ಗಚ್ಚಿಬೌಲಿಯಲ್ಲಿ ಆಫೀಸು. ಕ್ಯಾಬ್ ಹತ್ತೂಕಾಲಿಗೆ. ಆಂಟಿ ಒಬ್ಬರೇ ತೆರೆಯಬೇಕು, ಇಲ್ಲವಾದರೆ ಮೊಮ್ಮಗುವಿನ ಮುಖ ಮುಂದಿನ ವಾರಕ್ಕೇ.

ಅವರಿಗೆ ಇಂಗ್ಲಿಷ್ ಓದಲು ಬಾರದು. ಚಾಟ್ ತೆರೆಯುವ ಐಕಾನ್ ಕೆಳಗೆ ಕನ್ನಡದಲ್ಲಿ ಹೆಸರು ಬರೆದರೆ ಆ ಕಂಪ್ಯೂಟರ್ ಬರೀ ಚೌಕಗಳನ್ನು ತೋರಿಸಿತು. ಚಿತ್ರವನ್ನೇ ಬದಲಿಸೋಣವೆಂದು ಪೇಂಟ್‌ನಲ್ಲಿ ಪುಟ್ಟ ಗಣಪತಿಯನ್ನು ಬರೆದೆ. ಸೊಂಡಿಲಿಗೇ ಮೂರು ಪ್ರಯತ್ನ. ಆ ಶಾರ್ಟ್‌ಕಟ್ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಚೇಂಜ್ ಐಕಾನ್‌ನಲ್ಲಿ ಅದನ್ನು ಕೂರಿಸಿದಾಗ 9.35.

"ಇದರ ಮೇಲೆ ಬಾಣ ಇಟ್ಟು ಎರಡು ಸಲ ಒತ್ತಿ, ಆಂಟಿ."

ಆಂಟಿ ಮೌಸಿನಿಂದ ಕೈ ತೆಗೆದರು. "ದೇವರ ಹೊಟ್ಟಿಗೆ ಬಾಣ ಚುಚ್ಚಂತೀಯಲ್ಲ ಹುಡುಗಿ. ಅದೂ ಎರಡೆರಡು ಸಲ?"

"ಅದು ಬರೀ ಚಿತ್ರ."

"ಗ್ವಾಡಿ ಮ್ಯಾಲಿಂದೂ ಚಿತ್ರನ ಐತಿ. ಮತ್ತ ಅದಕ್ಕ ದಿನಾ ಯಾಕ ಹೂವ ಏರಸ್ತೀನಿ?"

ಅಂಕಲ್ ಬೂಟಿನ ಲೇಸ್ ಕಟ್ಟುತ್ತಿದ್ದರು. "ಒತ್ತಲೇ. ಮೂವತ್ತು ವರ್ಷ ನನ್ನ ಚುಚ್ಚೀದಿ, ನಾ ಏನರ ಅಂದೇನೇನು?"

"ನೀವು ದೇವರಲ್ಲರಿ."

ಮೈಸೂರಿನ ನಮ್ಮ ಮನೆಯಲ್ಲೂ ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. "ಹಾಗಾದ್ರೆ ಏನು ಬರೀಲಿ?" ಎಂದೆ.

ಆಂಟಿ ತರಕಾರಿ ಬುಟ್ಟಿಯತ್ತ ನೋಡಿದರು. "ಬದನೀಕಾಯಿ ಬರಿ. ಅದನ್ನ ಸೀಳದಿದ್ರ ಎಣ್ಣೆಗಾಯಿ ಆಗಂಗಿಲ್ಲ."

10.05ಕ್ಕೆ ಬದನೆಕಾಯಿ ಸಿದ್ಧವಾಯಿತು. ಆಂಟಿ ತೀರಾ ನಿಧಾನವಾಗಿ ಒತ್ತುತ್ತಿದ್ದರು. ನಾಲ್ಕು ಸಲ ಏನೂ ಆಗಲಿಲ್ಲ, ಐದನೆಯದಕ್ಕೆ ಚಾಟ್ ತೆರೆಯಿತು. ಅದನ್ನು ಮುಚ್ಚಿ, "ಕೂಸು ಕಂಡರೆ ಒಂದು ಮಿಸ್ಡ್ ಕಾಲ್ ಕೊಡಿ" ಎಂದು ಹೇಳಿ ಕ್ಯಾಬ್ ಹತ್ತಿದೆ. ಆಫೀಸಿನಲ್ಲಿ ಹನ್ನೊಂದರಿಂದ ಫೋನನ್ನೇ ನೋಡುತ್ತಾ ಕುಳಿತೆ. 11.04ಕ್ಕೆ ಒಂದು ರಿಂಗ್ ಆಗಿ ನಿಂತಿತು.

ಸಂಜೆ ಬಾಗಿಲಲ್ಲೇ ಆಂಟಿಯ ವರದಿ: "ಮೂರು ಸಲ ಆಕಳಿಸ್ತು. ಭಾಳ ಚಂದ." ಆಮೇಲೆ ನನ್ನನ್ನು ಪರದೆಯ ಮುಂದೆ ಕೂರಿಸಿದರು. "ನಿನ್ನ ಬದನೀಕಾಯಿಗೆ ಮೂಲ್ಯಾಗ ಹುಳ ಹತ್ತೇತಿ ನೋಡು."

ಅದು ಪ್ರತಿ ಶಾರ್ಟ್‌ಕಟ್ಟಿನ ಮೂಲೆಯಲ್ಲೂ ತಾನಾಗಿ ಕೂರುವ ಪುಟ್ಟ ಬಾಣದ ಗುರುತು. ಎರಡು ಭಾನುವಾರ ಹೆಣಗಿದರೂ ಅದನ್ನು ತೆಗೆಯಲಾಗಲಿಲ್ಲ. ಕಂಪ್ಯೂಟರಿಗೆ ತೊಂದರೆಯಾಗದಂತೆ ಆ ಹುಳ ತೆಗೆಯುವ ದಾರಿ ಗೊತ್ತಿರುವವರು ದಯವಿಟ್ಟು ನನಗೊಂದು ಸಾಲು ಬರೆಯಿರಿ. ಆಂಟಿ ದಿನಾ ಕೇಳುತ್ತಿದ್ದಾರೆ.