ಅತ್ತೆಯ ಹೆಜ್ಜೆ, ದೊರೆಸಾನಿಯ ನಡಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಳು ಹಾಸಿದ ಅಂಗಳದಲ್ಲಿ ಆಗಲೇ ಬೈಗುಳ ಶುರುವಾಗಿದೆ. "ಕತ್ತು ಎತ್ತೇ! ನೆಲದಲ್ಲೇನು ಓಲೆ ಕಳ್ಕೊಂಡಿದ್ದೀಯಾ?" ಬೈಯುತ್ತಿರುವವರು ರಬ್ಬರ್ ಬೂಟು ತೊಟ್ಟ, ನರೆಗೂದಲಿನ ಹೆಂಗಸು. ಬೈಸಿಕೊಳ್ಳುತ್ತಿರುವವಳು ದೊರೆಸಾನಿ ಎಂಬ ಕಂದು ಕುದುರೆ. ಅವಳು ಹೆಂಗಸಿನ ಕಿವಿಯೊಳಗೆ ಬುಸ್ಸೆಂದು ಉಸಿರು ಬಿಟ್ಟು, ಕತ್ತನ್ನು ಇನ್ನಷ್ಟು ಕೆಳಗೆ ಹಾಕುತ್ತಾಳೆ.

ಈ ಕುಟುಂಬದ ಕಸುಬು ಡ್ರೆಸಾಜ್ ಕುದುರೆಗಳ ತಳಿ ಬೆಳೆಸಿ ಪಳಗಿಸುವುದು. ಸವಾರರ ಸಣ್ಣ ಸನ್ನೆಗೇ ಕುದುರೆ ಅಳೆದಿಟ್ಟ ಹಾಗೆ ಹೆಜ್ಜೆ ಹಾಕಿ, ನಿಂತಲ್ಲೇ ಕುಣಿದು ತೋರಿಸುವ ಸ್ಪರ್ಧೆ ಅದು. ಈ ಹೆಂಗಸಿನ ತಮ್ಮ ತಳಿ ನೋಡಿಕೊಳ್ಳುತ್ತಾನೆ, ತಮ್ಮನ ಮಗಳು ಸ್ಪರ್ಧೆಗಿಳಿಯುತ್ತಾಳೆ. ಬೆನ್ನಿಗೆ ಜೀನು ಬೀಳುವುದಕ್ಕೆ ಮೊದಲೇ ಮರಿಗಳಿಗೆ ನಡೆಯುವುದನ್ನು ಕಲಿಸುವವರು ಮಾತ್ರ ಈ ಅಕ್ಕ. ಲಾಳ ಹೊಡೆಯುವವನಿಗೂ ಪಶುವೈದ್ಯರಿಗೂ ಅವರು 'ಅತ್ತೆ'ಯೇ. ಹಜಾರದ ಗೋಡೆ ತುಂಬ ಪದಕ ತೊಟ್ಟ ಹುಡುಗಿಯ ಚಿತ್ರಗಳಿವೆ. ಒಂದರ ಅಂಚಿನಲ್ಲಿ ಬಕೆಟ್ ಹಿಡಿದ ಮೊಣಕೈ ಕಾಣುತ್ತದೆ. "ಅದು ನಾನೇ. ಚೆನ್ನಾಗಿ ಬಂದಿದೆ ಅಲ್ವಾ?" ಎನ್ನುತ್ತಾರೆ ಅತ್ತೆ.

ಬಹಳ ವರ್ಷಗಳ ಹಿಂದೆ ಒಂದು ಗಂಡು ಮರಿ ಒದ್ದು ಅವರ ಎಡ ಮಂಡಿ ಮುರಿಯಿತು. ಅಂದಿನಿಂದ ಕಾಲು ಪೂರ್ತಿ ಮಡಚುವುದಿಲ್ಲ, ಅತ್ತೆ ಕುದುರೆ ಹತ್ತಿಲ್ಲ. "ತಪ್ಪು ಅವನದಲ್ಲ. ಸದ್ದಿಲ್ಲದೆ ಹಿಂದೆ ಹೋಗಿ ನಿಂತಿದ್ದು ನಾನು. ಅವನ ಜಾಗದಲ್ಲಿದ್ರೆ ನಾನೂ ಒದೀತಿದ್ದೆ."

ಇಂದು ಮನೆಯವರ ಜೀವ ಬಾಯಿಗೆ ಬಂದಿದೆ. ತಳಿ ಸಂಘದ ಪರೀಕ್ಷಕರು ಎರಡನೆಯ ಸಲ ಬರುತ್ತಿದ್ದಾರೆ. ಅವರು ಒಪ್ಪಿದರೆ ಮಾತ್ರ ದೊರೆಸಾನಿಯ ಮರಿಗಳಿಗೆ ವಂಶದ ಹೆಸರು. ಒಪ್ಪದಿದ್ದರೆ ಈ ಮನೆಯ ಅತ್ಯಂತ ಹಳೆಯ ತಳಿ ಇವಳಿಗೇ ಮುಗಿಯುತ್ತದೆ. ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡ ಇವಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ಅತ್ತೆ.

ಮೊದಲ ಸಲ ಆದದ್ದಿಷ್ಟು. ಅತ್ತೆ ಲಗಾಮು ಹಿಡಿದು ನಡೆಸಿಕೊಂಡು ಬಂದರು, ದೊರೆಸಾನಿ ಕುಂಟಿದಳು, ಪರೀಕ್ಷಕರು ಸಹಿ ಹಾಕದೆ ಹೊರಟರು. ವೈದ್ಯರು ನಾಲ್ಕೂ ಕಾಲು ಎತ್ತಿ, ತಟ್ಟಿ, ಒತ್ತಿ ನೋಡಿ ಕೈಚೆಲ್ಲಿದರು. ತಪ್ಪು ಲಾಳದ್ದೇ ಎಂದು ತಮ್ಮ ಲಾಳದವನ ಬೆವರಿಳಿಸಿದ. ಅವನು ತಡೆಯಲಾರದೆ ಹೇಳಿದ: "ಅಣ್ಣಾ, ಕುದುರೆ ಕಾಲು ಬಿಡಿ, ಸ್ವಲ್ಪ ಅತ್ತೆ ಕಾಲು ನೋಡಿ." ಎಲ್ಲರೂ ನೋಡಿದರು. ಅತ್ತೆಯ ಹಿಂದೆಯೇ ಬೆಳೆದ ಮರಿ ಅತ್ತೆಯ ನಡಿಗೆಯನ್ನೇ ಕಲಿತಿತ್ತು!

ಅಲ್ಲಿಂದ ಮನೆಯವರು ಮಾಡದ ಸರ್ಕಸ್ಸಿಲ್ಲ. ಲಗಾಮನ್ನು ತಮ್ಮ ಹಿಡಿದರೆ ದೊರೆಸಾನಿ ಜಪ್ಪಯ್ಯ ಎಂದರೂ ಕದಲಲಿಲ್ಲ. ಅತ್ತೆಯನ್ನು ಹುಲ್ಲಿನ ಕೊಠಡಿಯಲ್ಲಿ ಬಚ್ಚಿಟ್ಟು ಹುಡುಗಿ ಸವಾರಿ ಮಾಡಿದಳು. ಕುದುರೆ ಅವಳನ್ನು ಹೊತ್ತುಕೊಂಡೇ ನೇರ ಆ ಕೊಠಡಿಯ ಬಾಗಿಲಿಗೆ ಹೋಗಿ ನಿಂತಿತು. ಕೊನೆಗೆ ಅತ್ತೆ ಹಲ್ಲು ಕಚ್ಚಿ ಕುಂಟದೆ ನಡೆಯಲು ಹೋದರು. ಗಲಿಬಿಲಿಗೊಂಡ ದೊರೆಸಾನಿ ಎಲ್ಲ ಕಾಲಿನಲ್ಲೂ ಕುಂಟಿದಳು.

ಗೇಟಿನ ಹೊರಗೆ ಕಾರು ನಿಂತ ಸದ್ದು. ಅತ್ತೆ ಥಟ್ಟನೆ ಬೈಗುಳ ನಿಲ್ಲಿಸುತ್ತಾರೆ.

"ಜೀನು ತಗೊಂಡ್ ಬಾರೇ. ನಾನೇ ಹತ್ತುತೀನಿ."

"ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿರೋದು ಮಂಡಿ. ಸ್ಟೂಲ್ ಹಿಡ್ಕೊ."

ಹುಡುಗಿ ಕುದುರೆಯ ಆಚೆ ಬದಿಯಿಂದ ಕೈ ಹಿಡಿದು ಎಳೆಯುತ್ತಾಳೆ, ತಮ್ಮ ಕೆಳಗಿಂದ ನೂಕುತ್ತಾನೆ. "ಅಕ್ಕಾ, ಸ್ವಲ್ಪ ಹಗುರ ಆಗೇ!" ಅತ್ತೆ ಮೇಲೆ ಕೂತು ಬೆನ್ನು ನೆಟ್ಟಗೆ ಮಾಡುತ್ತಾರೆ. ದೊರೆಸಾನಿ ಅಕ್ಕಪಕ್ಕ ನೋಡುತ್ತಾಳೆ. ಹಿಂಬಾಲಿಸಲು ಯಾರೂ ಇಲ್ಲ, ಬೇಕಾದವರು ಬೆನ್ನ ಮೇಲೆಯೇ ಇದ್ದಾರೆ. ಕತ್ತು ತಾನಾಗಿ ಮೇಲೇಳುತ್ತದೆ, ನಾಲ್ಕೂ ಕಾಲು ಒಂದೇ ಲಯಕ್ಕೆ ಬೀಳುತ್ತವೆ. ಅಂಗಳದ ತುದಿ ಮುಟ್ಟಿ ಅವಳು ತಿರುಗುವಾಗ ಹುಡುಗಿಗೆ ಅಳು ಬಂದುಬಿಡುತ್ತದೆ.

"ನಡಿಗೆಯಲ್ಲಿ ಎಳ್ಳಷ್ಟೂ ದೋಷವಿಲ್ಲ" ಎಂದು ಪರೀಕ್ಷಕರು ಸಹಿ ಹಾಕುತ್ತಾರೆ. ಅತ್ತೆ ಇಳಿದು ಕುಂಟುತ್ತಾ ಲಾಯದ ಕಡೆ ಹೊರಡುತ್ತಾರೆ. ಯಾರೂ ಲಗಾಮು ಹಿಡಿಯದಿದ್ದರೂ ದೊರೆಸಾನಿ ಅವರ ಹಿಂದೆಯೇ ಕುಂಟುತ್ತಾ ಹೋಗುತ್ತಾಳೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಅತ್ತೆಯನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡಿ, ನಗು ತಡೆಯಲಾಗದೆ ಪೆನ್ನನ್ನು ಜೇಬಿಗೆ ಸಿಕ್ಕಿಸುತ್ತಾರೆ.

ಕಾರು ಹೋದ ಮೇಲೆ ತಮ್ಮನಿಗೆ ಉಸಿರು ಬರುತ್ತದೆ. "ಅಕ್ಕಾ, ಇನ್ನಾದ್ರೂ ಅವಳಿಗೆ ಆ ಚಾಳಿ ಬಿಡಿಸೋಣ."

ಅತ್ತೆ ದೊರೆಸಾನಿಯ ಕುತ್ತಿಗೆ ಉಜ್ಜುತ್ತಾ ಹೇಳುತ್ತಾರೆ: "ಬೇಡ ಕಣೋ. ಈ ಮನೇಲಿ ನನ್ನ ಜೊತೆ ಹೆಜ್ಜೆ ಹಾಕೋಕೆ ಪುರುಸೊತ್ತಿರೋದು ಇವಳೊಬ್ಬಳಿಗೇ."