ಹತ್ತು ಬಕೆಟ್ಟಿನ ಪರೀಕ್ಷೆ

ಕೊಣನೂರಿನ ಚಲುವಯ್ಯ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಕಾಯಿ ಎದ್ದು ನಿಂತ ಕಡೆ ಬೋರು ಕೊರೆಸಿದರೆ ನೀರು. ಇಪ್ಪತ್ತು ವರ್ಷ ಸುತ್ತಲಿನ ಊರಿನವರು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ನೀರು ಬೀಳದ ಬೋರುಗಳೂ ಇದ್ದವು. ಅವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಅವನೂ ಇಟ್ಟುಕೊಳ್ಳಲಿಲ್ಲ.

ನೆನಪಿಟ್ಟುಕೊಂಡವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಷಡಕ್ಷರಿ ಒಬ್ಬರೇ. ಆರು ವರ್ಷದ ಹಿಂದೆ ಅವರು ಶಾಲೆಯ ಮೈದಾನದಲ್ಲಿ ಹತ್ತು ಬಕೆಟ್ ಸಾಲಾಗಿಟ್ಟು ಗೋಣಿಚೀಲ ಮುಚ್ಚಿದರು. ಐದರಲ್ಲಿ ನೀರು, ಐದು ಖಾಲಿ.

"ನಾನು ನೋಡೋದು ನೆಲದೊಳಗೆ ಅರಿಯೋ ನೀರು ಸಾ, ಬಕೆಟ್ ನೀರಲ್ಲ" ಅಂದ ಚಲುವಯ್ಯ.

"ನೆಪ ಹೇಳ್ಬೇಡ, ನಡಿ" ಅಂದರು ಮೇಷ್ಟ್ರು.

ನಾಲ್ಕು ಸರಿಯಾಯಿತು, ಆರು ತಪ್ಪಿತು. ಮಕ್ಕಳು ಕೇಕೆ ಹಾಕಿದರು. ಮೇಷ್ಟ್ರು ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಂದಿನಿಂದ ಯಾರೂ ಕರೆಯಲಿಲ್ಲ. ಚಲುವಯ್ಯ ಬೋರ್‌ವೆಲ್ ಲಾರಿಯಲ್ಲಿ ಪೈಪು ಎತ್ತುವ ಕೆಲಸಕ್ಕೆ ಸೇರಿದ. ಮೊದಮೊದಲು ಅವಮಾನವಾಗುತ್ತಿತ್ತು. ಆಮೇಲೆ ಅದೂ ಆಗಲಿಲ್ಲ. ಉಂಡರೆ ಉಂಡ, ಮಲಗಿದರೆ ಮಲಗಿದ. ನೀರು ಚಿಮ್ಮಿದರೂ ಧೂಳೆದ್ದರೂ ಅವನದು ಒಂದೇ ಮುಖ.

ಹೋದ ತಿಂಗಳು ಲಾರಿ ಹೋಗಿ ನಿಂತದ್ದು ಷಡಕ್ಷರಿ ಮೇಷ್ಟ್ರ ತೋಟದಲ್ಲೇ. ಹಾಸನದಿಂದ ಬಂದ ಜಿಯಾಲಜಿಸ್ಟ್ ರಜನೀಶ್ ನೀರು ಹುಡುಕುವ ಮಿಷನ್ ಇಟ್ಟು ಮೂರು ಪಾಯಿಂಟ್ ತೋರಿಸಿದ್ದ. ಮೂರರಲ್ಲೂ ಬರೀ ಧೂಳು.

"ಕೆಳಗಡೆ ಬಂಡೆ ಹಾಗಿದೆ ಸರ್, ರೀಡಿಂಗ್ ಸ್ವಲ್ಪ ಆಚೀಚೆ ಆಗುತ್ತೆ" ಅಂದ ರಜನೀಶ್.

"ಆಗುತ್ತೆ, ಆಗುತ್ತೆ" ಎಂದು ಮೇಷ್ಟ್ರು ತಲೆಯಾಡಿಸಿದರು. ನೆಪ ಪ್ಯಾಂಟು ತೊಟ್ಟು ಬಂದರೆ ಕುರ್ಚಿ ಹಾಕುತ್ತಾರೆ, ನೋಡಿ.

ಚಲುವಯ್ಯ ಹೆಗಲ ಮೇಲಿನ ಪೈಪು ಇಳಿಸಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಸಾ, ನಂಗೆ ಅತ್ತು ಬಕೆಟ್ ಇಟ್ರಿ. ಈ ಮಿಷನ್ನಿಗೆ ಎಷ್ಟು ಇಟ್ರಿ?"

 ಮೇಷ್ಟ್ರು ಹೋಗಿ ತೋಟದ ಮನೆಯೊಳಗಿಂದ ಒಂದು ತೆಂಗಿನಕಾಯಿ, ಜೊತೆಗೆ ಆ ಹಳೇ ನೋಟ್‌ಬುಕ್ಕು ತಂದರು. "ನೀನೂ ಒಂದ್ಸಲ ನೋಡಪ್ಪ ಚಲುವಯ್ಯ" ಅಂದರು.

ಅವನು ಚಪ್ಪಲಿ ಬಿಟ್ಟು ಕಾಯಿ ಹಿಡಿದು ತೋಟವೆಲ್ಲ ಸುತ್ತಿದ. ಮೊದಲಾದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಈಗ ಏನೂ ಇಲ್ಲ. ಕಾಯಿ ಮಲಗಿದ್ದು ಮಲಗಿಯೇ ಇತ್ತು. ಎಲ್ಲಾದರೂ ನಿಂತು "ಇಲ್ಲಿ" ಅಂದುಬಿಟ್ಟಿದ್ದರೆ ಮೇಷ್ಟ್ರು ಇವತ್ತು ನಂಬುತ್ತಿದ್ದರು. ಆರು ವರ್ಷದ ಹಿಂದೆ ಹೋದ ಮರ್ಯಾದೆ ಅಷ್ಟರಲ್ಲೇ ವಾಪಸು ಬರುತ್ತಿತ್ತು.

"ಕಾಯಿ ಏಳ್ಲಿಲ್ಲ ಸಾ" ಅಂದ. "ಬರ್ಕೊಳಿ. ಅದ್ರ ಕೆಳಗೆ ಮಿಷನ್ನಿಂದೂ ಮೂರು ತಪ್ಪು ಬರೀರಿ."

ಮೇಷ್ಟ್ರು ಪೆನ್ನು ತೆಗೆದರು. ಅವರು ಎರಡನ್ನೂ ಬರೆದು ಮುಗಿಸುವವರೆಗೆ ಚಲುವಯ್ಯ ಅಲ್ಲೇ ನಿಂತು ನೋಡಿದ.